ಚಳಿಗಾಲದ ಪುಡಿಂಗುಗಳಿಗೆ ದಪ್ಪ ಪಿಂಗಾಣಿ ಪಾತ್ರೆ: ಮೂರು ಚಳಿಗಾಲ ಬಳಸಿದ ಮೇಲಿನ ವಿಮರ್ಶೆ

ಚಳಿ ಬಿದ್ದ ಮೊದಲ ವಾರದಲ್ಲಿ ನಮ್ಮ ಅಡುಗೆಮನೆಯಲ್ಲಿ ಎರಡು ಬದಲಾವಣೆಗಳು ಕಾಣುತ್ತವೆ. ಹೊರಗೆ ತೆಗೆದಿಟ್ಟ ಬೆಣ್ಣೆ ಮಧ್ಯಾಹ್ನವಾದರೂ ಮೆತ್ತಗಾಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಪಾಟಿನ ತೀರ ಕೆಳಗಿನ ಅರೆಯಲ್ಲಿ ಬೇಸಿಗೆಯಿಡೀ ಮಲಗಿದ್ದ ದಪ್ಪ ಪಿಂಗಾಣಿ ಪಾತ್ರೆ ಮೇಲಕ್ಕೆ ಬರುತ್ತದೆ. ಅಕ್ಕಿಯ ಪುಡಿಂಗು, ಸೇಬಿನ ಕ್ರಂಬಲ್, ಹಳೆಯ ಬ್ರೆಡ್ಡಿನ ಪುಡಿಂಗು, ಇಡಿಯಾಗಿ ಬೇಯಿಸಿದ ಸೇಬು, ಹೀಗೆ ಅಲಂಕಾರದ ಹಂಗಿಲ್ಲದ, ತೂಕ ತಪ್ಪಿದರೂ ಮುನಿಸಿಕೊಳ್ಳದ ಹಳೆಯ ಕಾಲದ ಸಿಹಿಗಳನ್ನು ನಾನು ಮೂರು ಚಳಿಗಾಲಗಳಿಂದ ಇದೊಂದೇ ಪಾತ್ರೆಯಲ್ಲಿ ಬೇಕ್ ಮಾಡುತ್ತಾ ಬಂದಿದ್ದೇನೆ. ಕೊಳ್ಳುವ ಮೊದಲು ನನಗೆ ಗೊತ್ತಿರಬೇಕಾಗಿದ್ದ ಎಷ್ಟೋ ವಿಷಯಗಳು ಬಳಸುತ್ತಾ ಬಳಸುತ್ತಾ ತಿಳಿದವು. ಅವನ್ನೆಲ್ಲ ಒಂದೆಡೆ ಬರೆದಿಡಬೇಕೆಂದು ಈ ವಿಮರ್ಶೆ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದೇ ಬಗೆಯ, ಇದೇ ಅಳತೆಯ ಪಾತ್ರೆಗಳನ್ನು ಹಲವರು ಮಾಡುತ್ತಾರೆ, ಮತ್ತು ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಮಣ್ಣಿಗೂ ಆಕಾರಕ್ಕೂ ಸೇರಿದವು, ಮುದ್ರೆಗಲ್ಲ.

ಪಾತ್ರೆ ಆಯತಾಕಾರದ್ದು, ಮೂಲೆಗಳು ದುಂಡಗಿವೆ. ಒಳ ಅಳತೆ 28 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, 6 ಸೆಂ.ಮೀ. ಆಳ, ಅಂಚಿನವರೆಗೆ ನೀರು ತುಂಬಿಸಿದರೆ 3 ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಗೋಡೆಯ ದಪ್ಪ ಸುಮಾರು 8 ಮಿ.ಮೀ., ಖಾಲಿ ಪಾತ್ರೆಯ ತೂಕ 2.2 ಕೆ.ಜಿ. ಒಳಮೈಗೂ ಹೊರಮೈಗೂ ಗಾಜಿನಂಥ ಮೆರುಗು ಬಳಿದಿದ್ದಾರೆ; ಅಡಿಯಲ್ಲಿ ನೆಲಕ್ಕೆ ತಾಗುವ ಅಂಚು ಮಾತ್ರ ಮೆರುಗಿಲ್ಲದೆ ಒರಟಾಗಿದೆ. ಸ್ಟೋನ್‌ವೇರ್ ಎಂದು ಕರೆಯುವ ಈ ಬಗೆಯ ಪಿಂಗಾಣಿಯನ್ನು ಸಾಮಾನ್ಯವಾಗಿ 1200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಸುಡುತ್ತಾರೆ. ಆ ಶಾಖಕ್ಕೆ ಜೇಡಿಮಣ್ಣಿನ ಕಣಗಳು ಭಾಗಶಃ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ, ಕಡಿಮೆ ಶಾಖದಲ್ಲಿ ಸುಟ್ಟ ಮಡಕೆಯಂತೆ ಇದು ನೀರು ಕುಡಿಯುವುದಿಲ್ಲ. ಸೇಬಿನ ಹುಳಿಯಾಗಲಿ ಹಾಲಿನ ಜಿಡ್ಡಾಗಲಿ ಇದರೊಳಗೆ ಇಳಿಯದು. ನಿನ್ನೆಯ ಶುಂಠಿಯ ಘಾಟು ಇಂದಿನ ಹಾಲಿನ ಪುಡಿಂಗಿನಲ್ಲಿ ಒಂದು ಸಲವೂ ನನ್ನ ಮೂಗಿಗೆ ಬಿದ್ದಿಲ್ಲ.

ಈ ಪಾತ್ರೆಯ ಒಳ್ಳೆಯ ಗುಣಕ್ಕೂ ಕೆಟ್ಟ ಗುಣಕ್ಕೂ ಬೇರು ಒಂದೇ: ಅದು ನಿಧಾನ. ಪಿಂಗಾಣಿ ಶಾಖವನ್ನು ಸಾಗಿಸುವ ವೇಗ ಅಲ್ಯೂಮಿನಿಯಂ ಸಾಗಿಸುವುದರ ನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ. ಓವನ್ನಿನ ಬಿಸಿಗಾಳಿ ಲೋಹದ ತಗಡನ್ನು ದಾಟಿ ಹಿಟ್ಟನ್ನು ಮುಟ್ಟಲು ಕ್ಷಣಗಳು ಸಾಕು; ಈ ದಪ್ಪ ಗೋಡೆ ಮೊದಲು ತಾನು ಬಿಸಿಯಾಗಬೇಕು, ಆಮೇಲೆ ಒಳಗಿನದಕ್ಕೆ ಬಿಸಿ ಕೊಡಬೇಕು. ಚಳಿಗಾಲದ ಕಪಾಟಿನಿಂದ ಈಗಷ್ಟೇ ತೆಗೆದಿದ್ದರೆ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿರುತ್ತದೆ, ಹಾಗಾಗಿ ಇನ್ನೂ ತಡ. ಒಮ್ಮೆ ಬಿಸಿಯೇರಿತೆಂದರೆ ಮಾತ್ರ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಓವನ್ನಿನ ಕಡ್ಡಿಗಳು ಹತ್ತಿ ಆರಿ ಹತ್ತಿ ಆರಿ ಶಾಖ ಏರಿಳಿಯುತ್ತಿದ್ದರೂ ಪಾತ್ರೆಯೊಳಗೆ ಆ ಏರಿಳಿತ ಅಷ್ಟಾಗಿ ತಲುಪದು. ಹಳೆಯ ಸಿಹಿಗಳಲ್ಲಿ ಮುಕ್ಕಾಲು ಪಾಲು ಹಾಲು, ಮೊಟ್ಟೆ, ಹಣ್ಣಿನವು. ಅವಕ್ಕೆ ಬೇಕಾದದ್ದು ಈ ಸಮಾಧಾನದ ಶಾಖವೇ.

ಅಕ್ಕಿಯ ಪುಡಿಂಗಿನಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ನಾನು ಬಳಸುವ ಅಳತೆ ಇದು: 100 ಗ್ರಾಂ ಗುಂಡು ಅಕ್ಕಿ, 1.2 ಲೀಟರು ಗಟ್ಟಿ ಹಾಲು, 75 ಗ್ರಾಂ ಸಕ್ಕರೆ, 25 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು, ಮೇಲೆ ತುರಿದ ಜಾಯಿಕಾಯಿ. ಅಕ್ಕಿ ಇಷ್ಟು ಕಡಿಮೆಯೇ ಎಂದು ಮೊದಲ ಸಲ ನೋಡಿದವರಿಗೆ ಅನುಮಾನ ಬರುತ್ತದೆ, ಇನ್ನೊಂದು ಹಿಡಿ ಹಾಕಿಬಿಡೋಣ ಎಂದು ಕೈ ತುರಿಸುತ್ತದೆ. ದಯವಿಟ್ಟು ಹಾಕಬೇಡಿ. ಎರಡು ಗಂಟೆಯ ಬೇಯುವಿಕೆಯಲ್ಲಿ ಅಕ್ಕಿಯ ಗಂಜಿ ಸ್ವಲ್ಪ ಸ್ವಲ್ಪವಾಗಿ ಹಾಲಿಗಿಳಿದು ಹಾಲನ್ನೇ ಗಟ್ಟಿ ಮಾಡಬೇಕು, ಹಾಲು ಅರ್ಧದಷ್ಟು ಇಂಗಿ ತನ್ನದೇ ಸಿಹಿಯನ್ನು ಹೊರತರಬೇಕು; ಅಕ್ಕಿ ಹೆಚ್ಚಾದರೆ ಕೊನೆಗೆ ಸಿಗುವುದು ಸಿಹಿ ಅನ್ನ. 150 ಡಿಗ್ರಿಯಲ್ಲಿ ಇಟ್ಟು ಮೊದಲ ಒಂದು ಗಂಟೆಯಲ್ಲಿ ಎರಡು ಸಲ ತಳ ಮುಟ್ಟಿ ತಿರುವುತ್ತೇನೆ, ಆಮೇಲೆ ಓವನ್ನಿನ ಬಾಗಿಲನ್ನೇ ತೆರೆಯುವುದಿಲ್ಲ.

ಇದನ್ನೇ ನಾನು ಮೊದಲು ಅಲ್ಯೂಮಿನಿಯಂ ಟ್ರೇಯಲ್ಲಿ ಮಾಡುತ್ತಿದ್ದೆ. ಅದರಲ್ಲಿ ಒಂದೂಕಾಲು ಗಂಟೆಗೇ ಅಂಚು ಸೀದು ಕಪ್ಪಾಗುತ್ತಿತ್ತು, ನಡುವೆ ಮಾತ್ರ ಹಾಲು ಹಾಲಾಗಿಯೇ ಇರುತ್ತಿತ್ತು. ಪಿಂಗಾಣಿಯಲ್ಲಿ ಅಂಚಿಗೂ ನಡುವಿಗೂ ಅಷ್ಟು ಅಂತರ ಬೀಳದು. ಒಂದೂವರೆ ಗಂಟೆಯ ಹೊತ್ತಿಗೆ ಮೇಲೆ ಕೆನೆಯ ಪದರ ಕಟ್ಟಿ, ಹಳದಿಯಾಗಿ, ಅಲ್ಲಲ್ಲಿ ಬಾದಾಮಿ ಬಣ್ಣದ ಚುಕ್ಕೆಗಳು ಮೂಡುತ್ತವೆ. ಎರಡು ಗಂಟೆಗೆ ಹೊರತೆಗೆದರೆ ಕೆನೆ ಉಬ್ಬಿ ನಿಂತಿರುತ್ತದೆ, ಐದು ನಿಮಿಷದಲ್ಲಿ ನಿಧಾನವಾಗಿ ಕುಗ್ಗಿ ಸುಕ್ಕಾಗುತ್ತದೆ. ಚಮಚದ ತುದಿಯಿಂದ ಕೆನೆಯನ್ನು ಮೆಲ್ಲನೆ ಸರಿಸಿದರೆ ಕೆಳಗೆ ದಪ್ಪ, ಬೆಳ್ಳನೆಯ, ಅಕ್ಕಿಯ ಕಾಳು ಇನ್ನೂ ಗುರುತು ಸಿಗುವಂಥ ಪುಡಿಂಗು ಇರುತ್ತದೆ. ನಾಲ್ಕು ಮೂಲೆಗಳಲ್ಲಿ ಹಾಲು ಗೋಡೆಗೆ ಅಂಟಿ, ಕೆಂಪಗೆ ಹುರಿದು, ಜಗಿಯಲು ಸ್ವಲ್ಪ ನಾರಾಗಿ, ಸಕ್ಕರೆಪಾಕದ ರುಚಿ ಕೊಡುತ್ತದೆ. ಮನೆಯಲ್ಲಿ ಮಕ್ಕಳು ಬಟ್ಟಲು ಹಿಡಿದು ಸರದಿಯಲ್ಲಿ ನಿಲ್ಲುವುದು ಆ ಮೂಲೆಗಳಿಗಾಗಿ. ಮೂಲೆಗಳು ತೀರ ದುಂಡಗಿರುವ ಅಂಡಾಕಾರದ ಪಾತ್ರೆಯನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ಬೇರೆ ಕಾರಣವೇ ಇಲ್ಲ.

ಸೇಬಿನ ಕ್ರಂಬಲ್‌ಗೂ ಪಾತ್ರೆ ಒಳ್ಳೆಯದೇ, ಆದರೆ ಅಷ್ಟೇ ಅನಿವಾರ್ಯ ಎನ್ನಲಾರೆ. ತಳದಲ್ಲಿ ಹಣ್ಣು, ಮೇಲೆ ಹಿಟ್ಟು ಬೆಣ್ಣೆ ಸಕ್ಕರೆಯ ಉದುರು, ಅಷ್ಟೇ ಈ ಸಿಹಿ. ಕೆಳಗೆ ಗರಿಗರಿಯಾಗಬೇಕಾದ ಪದರವಿಲ್ಲದ ಕಾರಣ ಲೋಹದ ವೇಗದ ಶಾಖ ಇದಕ್ಕೆ ಬೇಕಿಲ್ಲ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿಯಿಂದ ಬೆಣ್ಣೆ ಸಕ್ಕರೆಗಳು ಪಡಿತರದ ಪಾಲಾದಾಗ, ಹಣ್ಣನ್ನು ಹಿಟ್ಟಿನ ಹಾಳೆಯಲ್ಲಿ ಮುಚ್ಚಿ ಬೇಯಿಸುವ ಪೈ ಮಾಡಲು ಬೇಕಾಗುವಷ್ಟು ಬೆಣ್ಣೆ ಇಲ್ಲದ ಮನೆಗಳಲ್ಲಿ ಈ ಉದುರು ಹೊದಿಕೆ ಬಳಕೆಗೆ ಬಂದು ಮನೆಮಾತಾಯಿತು. ಬಡತನದಲ್ಲಿ ಹುಟ್ಟಿದ ಅಡುಗೆಗಳಿಗೆ ಇರುವ ನೇರತನ ಇದಕ್ಕಿದೆ. ಹಿಟ್ಟು ಎರಡು ಪಾಲು, ಬೆಣ್ಣೆ ಒಂದು ಪಾಲು, ಸಕ್ಕರೆ ಒಂದು ಪಾಲು ಎಂಬುದೊಂದನ್ನು ನೆನಪಿಟ್ಟುಕೊಂಡರೆ ಪುಸ್ತಕ ತೆರೆಯಬೇಕಾಗಿಲ್ಲ. ನನ್ನ ಪಾತ್ರೆಗೆ 1.2 ಕೆ.ಜಿ. ಸೇಬು, 240 ಗ್ರಾಂ ಮೈದಾ, 120 ಗ್ರಾಂ ಬೆಣ್ಣೆ, 120 ಗ್ರಾಂ ಸಕ್ಕರೆ ಸರಿಯಾಗಿ ಹಿಡಿಸುತ್ತದೆ. ಸೇಬಿನಲ್ಲಿ ಅರ್ಧ ಹುಳಿಯದು, ಅರ್ಧ ಗಟ್ಟಿ ಸಿಹಿಯದು ಇದ್ದರೆ, ಹುಳಿಯದು ಬೆಂದು ಕರಗಿ ಗೊಜ್ಜಾಗುತ್ತದೆ, ಸಿಹಿಯದು ಹೋಳಾಗಿ ಉಳಿಯುತ್ತದೆ.

ಚಳಿಗಾಲದ ಉಪಕಾರ ಇಲ್ಲಿ ಕೈಗೇ ತಿಳಿಯುತ್ತದೆ. ಬೆಣ್ಣೆ 32ರಿಂದ 35 ಡಿಗ್ರಿಯ ನಡುವೆ ಕರಗುತ್ತದೆ, ನಮ್ಮ ಬೆರಳುಗಳ ಬಿಸಿಯೂ ಬೇಸಿಗೆಯಲ್ಲಿ ಅದಕ್ಕೆ ತೀರ ಹತ್ತಿರ. ಸೆಕೆಯ ದಿನ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜುತ್ತಾ ಹೋದರೆ ನಾಲ್ಕೇ ನಿಮಿಷದಲ್ಲಿ ಅದು ಕರಗಿ ಹಿಟ್ಟಿನ ಮುದ್ದೆಯಾಗುತ್ತದೆ, ಓವನ್ನಿನಲ್ಲಿ ಆ ಮುದ್ದೆ ಬಿಸ್ಕೆಟಿನ ಹಲಗೆಯಂತೆ ಗಟ್ಟಿಯಾಗುತ್ತದೆ. ಚಳಿಯಲ್ಲಿ ಬೆರಳು ತಣ್ಣಗಿರುತ್ತವೆ, ಬೆಣ್ಣೆಯೂ ತಣ್ಣಗಿರುತ್ತದೆ. ಒಂದು ಸೆಂಟಿಮೀಟರಿನ ತುಂಡುಗಳನ್ನು ಹೆಬ್ಬೆರಳಿನಿಂದ ಉಳಿದ ಬೆರಳ ತುದಿಗಳ ಮೇಲೆ ಜಾರಿಸುತ್ತಾ ಹೋದಂತೆ, ಕಡಲೆಕಾಳಿನಷ್ಟು ಕೆಲವು, ರವೆಯಷ್ಟು ಹಲವು ಉದುರುಗಳು ಹಿಟ್ಟು ಹೊದ್ದುಕೊಂಡು ಬೀಳುತ್ತವೆ. ಕೊನೆಯಲ್ಲಿ ಒಂದು ಚಮಚ ತಣ್ಣೀರು ಚಿಮುಕಿಸಿ ಬಟ್ಟಲನ್ನು ಕುಲುಕಿದರೆ ಇನ್ನಷ್ಟು ಗಂಟುಗಳು ಕಟ್ಟಿಕೊಳ್ಳುತ್ತವೆ. ಆ ಗಂಟುಗಳೇ ಬೆಂದ ಮೇಲೆ ಹಲ್ಲಿಗೆ ಕರುಂ ಎನ್ನುವುದು.

180 ಡಿಗ್ರಿಯಲ್ಲಿ ಪುಸ್ತಕಗಳು 35 ಅಥವಾ 40 ನಿಮಿಷ ಎನ್ನುತ್ತವೆ, ನನ್ನ ಪಾತ್ರೆಗೆ 50 ನಿಮಿಷ ಬೇಕು. ಮೇಲ್ಭಾಗ ಬಂಗಾರದ ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆದರೆ ಕೆಳಗೆ ಹಣ್ಣಿನ ನೀರು ತೆಳ್ಳಗೆ ಉಳಿದಿರುತ್ತದೆ. ಅಂಚಿನಲ್ಲಿ ರಸ ಉಕ್ಕುವುದನ್ನು ನೋಡುತ್ತಿರಬೇಕು: ಮೊದಲು ಸಣ್ಣ ಸಣ್ಣ ನೊರೆಗುಳ್ಳೆಗಳು ಬೇಗ ಬೇಗ ಒಡೆಯುತ್ತವೆ, ಆಮೇಲೆ ರಸ ಪಾಕಕ್ಕೆ ಬಂದಂತೆ ಗುಳ್ಳೆಗಳು ದೊಡ್ಡದಾಗಿ, ಸೋಮಾರಿಯಾಗಿ, ಒಂದೊಂದೇ ಎದ್ದು ಒಡೆಯುತ್ತವೆ. ಅದು ತೆಗೆಯುವ ಹೊತ್ತು. ಈ ಹಂತದಲ್ಲಿ ಪಾತ್ರೆಯ ಒಂದು ದೋಷವೂ ಎದ್ದು ಕಾಣುತ್ತದೆ. ಆಳ 6 ಸೆಂಟಿಮೀಟರಷ್ಟೇ ಇರುವುದರಿಂದ, ಹಣ್ಣನ್ನು ಗುಡ್ಡೆ ಹಾಕಿ ತುಂಬಿಸಿದರೆ ರಸ ಅಂಚು ದಾಟಿ ಓವನ್ನಿನ ಕೆಳಗಿನ ಕಡ್ಡಿಯ ಮೇಲೆ ಬಿದ್ದು ಹೊಗೆಯಾಡುತ್ತದೆ. ಇನ್ನೊಂದೂವರೆ ಸೆಂಟಿಮೀಟರು ಆಳ ಕೊಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಈಗ ನಾನು ಕೆಳಗಿನ ಅಂತಸ್ತಿನಲ್ಲಿ ಒಂದು ತಗಡಿನ ಟ್ರೇ ಇಟ್ಟೇ ಕ್ರಂಬಲ್ ಬೇಯಿಸುತ್ತೇನೆ.

ಬ್ರೆಡ್ ಪುಡಿಂಗಿನಲ್ಲಿ ನಾನು ಮೊದಲು ಎಡವಿದೆ, ಕೊನೆಗೆ ಹೆಚ್ಚು ಕಲಿತದ್ದೂ ಅದರಲ್ಲೇ. ಒಣಗಿದ ಬ್ರೆಡ್ಡನ್ನು ಎಸೆಯಲು ಮನಸ್ಸಾಗದ ಮನೆಯ ಸಿಹಿ ಇದು: 300 ಗ್ರಾಂ ಹಳೆಯ ಬ್ರೆಡ್ಡಿನ ತುಂಡುಗಳು, 750 ಮಿ.ಲೀ. ಹಾಲು, ನಾಲ್ಕು ಮೊಟ್ಟೆ, 100 ಗ್ರಾಂ ಸಕ್ಕರೆ, ಒಂದು ಹಿಡಿ ಒಣದ್ರಾಕ್ಷಿ, ಪಾತ್ರೆಗೆ ಸವರಲು ಬೆಣ್ಣೆ. ಮೊಟ್ಟೆ ಒಂಟಿಯಾಗಿದ್ದರೆ 60 ಡಿಗ್ರಿ ದಾಟಿದ ಮೇಲೆಯೇ ಗಟ್ಟಿಯಾಗತೊಡಗುತ್ತದೆ. ಹಾಲು, ಸಕ್ಕರೆ ಬೆರೆತಾಗ ಆ ಕೆಲಸ 80 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅಲ್ಲಿಂದ ಮುಂದೆ ಶಾಖ ಹೆಚ್ಚಾಗುತ್ತಾ ಹೋದರೆ ಮೊಟ್ಟೆಯ ಪ್ರೋಟೀನಿನ ಬಲೆ ಬಿಗಿಯಾಗಿ, ತಾನು ಹಿಡಿದಿಟ್ಟುಕೊಂಡಿದ್ದ ನೀರನ್ನು ಹಿಂಡಿ ಹೊರಹಾಕುತ್ತದೆ. ಹದ ಮೀರಿದ ಕಸ್ಟರ್ಡಿನಲ್ಲಿ ಸಣ್ಣ ತೂತುಗಳು, ಬಟ್ಟಲಿನ ತಳದಲ್ಲಿ ನೀರು ನಿಲ್ಲುವುದು ಇದೇ ಕಾರಣಕ್ಕೆ. ಹಾಗಾಗದಿರಲೆಂದು ದೊಡ್ಡ ಟ್ರೇಯಲ್ಲಿ ಬಿಸಿನೀರು ಹಾಕಿ ಅದರೊಳಗೆ ಪಾತ್ರೆಯನ್ನಿಟ್ಟು ಬೇಯಿಸುವುದು ವಾಡಿಕೆ. ನೀರು 100 ಡಿಗ್ರಿ ಮೀರುವುದಿಲ್ಲವಾದ್ದರಿಂದ ಪಾತ್ರೆಯ ಗೋಡೆಯೂ ಅಲ್ಲಿಗೆ ನಿಲ್ಲುತ್ತದೆ.

ಆದರೆ ಈ ಪಾತ್ರೆಗೆ ಎರಡು ಬದಿಯಲ್ಲಿ ಹಿಡಿಕೆಗಳಿದ್ದು, ಅವೂ ಸೇರಿ ಒಟ್ಟು ಉದ್ದ 36 ಸೆಂ.ಮೀ. ಆಗುತ್ತದೆ. ಇದನ್ನು ಒಳಗೆ ಕೂರಿಸಿಕೊಳ್ಳುವಷ್ಟು ದೊಡ್ಡ ಟ್ರೇ ನನ್ನ ಓವನ್ನಿಗೇ ಹಿಡಿಸದು. ಮೊದಲ ಸಲ ನೀರಿಲ್ಲದೆ 180 ಡಿಗ್ರಿಯಲ್ಲಿ, ನಡುಭಾಗ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ ತೆಗೆದೆ. ಮೇಲೆ ನೋಡಲು ಚೆನ್ನಾಗಿಯೇ ಇತ್ತು. ಮೇಜಿಗೆ ತಂದು ಒಂದು ಹೋಳು ಎತ್ತುವಷ್ಟರಲ್ಲಿ ಖಾಲಿಯಾದ ಜಾಗಕ್ಕೆ ತೆಳು ನೀರು ಬಂದು ನಿಂತಿತು. ಓವನ್ನಿನಿಂದ ಹೊರಬಂದ ಮೇಲೂ ಆ ದಪ್ಪ ಗೋಡೆಗಳು ಹತ್ತು ಹದಿನೈದು ನಿಮಿಷ ಒಳಗಿನದನ್ನು ಬೇಯಿಸುತ್ತಲೇ ಇರುತ್ತವೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮುಂದಿನ ವಾರ ಶಾಖವನ್ನು 160ಕ್ಕೆ ಇಳಿಸಿ, 50 ನಿಮಿಷಕ್ಕೆ, ನಡುವೆ ಅಂಗೈಯಗಲದ ಭಾಗ ಇನ್ನೂ ತುಳುಕುತ್ತಿದ್ದಾಗಲೇ ಹೊರತೆಗೆದೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯವರು ಪಾತ್ರೆಯ ಹಿಡಿಕೆಯನ್ನು ಬಟ್ಟೆಯಿಂದ ಸ್ವಲ್ಪ ಅಲುಗಿಸಿ ನೋಡಿ, “ಅಲ್ಲಾಡ್ತಾ ಇದೆಯಲ್ಲಮ್ಮಾ, ನಡುವೆ ಇನ್ನೂ ಬೆಂದಿಲ್ಲ, ಒಳಗಿಡು” ಎಂದರು. “ಹತ್ತು ನಿಮಿಷ ಬಿಡಿ ಅತ್ತೆ, ಪಾತ್ರೆಯ ಬಿಸಿಗೇ ಕೂತ್ಕೊಳ್ಳುತ್ತೆ” ಎಂದೆ, ನನಗೂ ಒಳಗೊಳಗೆ ಅಳುಕಿತ್ತು. ಹತ್ತು ನಿಮಿಷದ ನಂತರ ಅವರೇ ಚಾಕುವಿನ ತುದಿ ಇಳಿಸಿದರು. ಅದು ಶುಭ್ರವಾಗಿ ಹೊರಬಂತು. ಒಳಗಿನ ಬ್ರೆಡ್ಡು ಮೆತ್ತಗೆ, ಕಸ್ಟರ್ಡು ನುಣ್ಣಗೆ, ತಳದಲ್ಲಿ ಒಂದು ಹನಿ ನೀರಿಲ್ಲ. ನೀರಿನ ಟ್ರೇ ಇಲ್ಲದೆ, ಕಡಿಮೆ ಶಾಖ ಮತ್ತು ದಪ್ಪ ಗೋಡೆಗಳಿಂದಲೇ ಆ ಹದವನ್ನು ಪಡೆಯಬಹುದೆಂಬುದು ಈ ಪಾತ್ರೆಯ ಪರವಾಗಿ ನಾನು ಹೇಳಬಹುದಾದ ಅತಿ ದೊಡ್ಡ ಮಾತು. ತೆಳು ಲೋಹದ ಟ್ರೇಯಲ್ಲಿ ಇದೇ ಪ್ರಯೋಗ ಮಾಡಿದಾಗ ಅಂಚಿನ ಎರಡು ಬೆರಳಗಲ ರಬ್ಬರಿನಂತಾಯಿತು.

ಮೊಟ್ಟೆ ತಿನ್ನದವರಿಗೆ ಹಾದಿ ಬೇರೆ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿಯನ್ನು ತಯಾರಿಸಿದ. ಇಂದಿಗೂ ಆ ಪುಡಿಯಲ್ಲಿ ಮುಖ್ಯವಾಗಿ ಇರುವುದು ಕಾರ್ನ್‌ಫ್ಲೋರ್, ಬಣ್ಣ ಮತ್ತು ವೆನಿಲಾ ಪರಿಮಳ. ಪಿಷ್ಟದ ಸ್ವಭಾವ ಮೊಟ್ಟೆಗೆ ವಿರುದ್ಧ. ಅದು ಪೂರ್ತಿ ಗಟ್ಟಿಯಾಗಲು ಕುದಿಯುವ ಹಂತದ ಹತ್ತಿರ ಬರಬೇಕು, ಶಾಖ ಹೆಚ್ಚಾಯಿತೆಂದು ಒಡೆಯುವುದಿಲ್ಲ. ಹೀಗಾಗಿ ನಾಲ್ಕು ದೊಡ್ಡ ಚಮಚ ಕಸ್ಟರ್ಡ್ ಪುಡಿಯನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಕಲಸಿ, ಉಳಿದ ಹಾಲಿನೊಂದಿಗೆ ಒಲೆಯ ಮೇಲೆ ಒಂದು ನಿಮಿಷ ಕುದಿಸಿ, ಬಿಸಿಯಾಗಿರುವಾಗಲೇ ಬ್ರೆಡ್ಡಿನ ಮೇಲೆ ಸುರಿದು 180 ಡಿಗ್ರಿಯಲ್ಲಿ 35 ನಿಮಿಷ ಇಟ್ಟರೆ ಸಾಕು. ಒಂದು ಎಚ್ಚರಿಕೆ: ಕುದಿಯುವ ಹಾಲನ್ನು ಚಳಿಗೆ ಕೊರೆಯುತ್ತಿರುವ ಪಾತ್ರೆಗೆ ಸುರಿಯಬಾರದು. ನಾನು ಮೊದಲು ಪಾತ್ರೆಗೆ ಬಿಸಿ ನಲ್ಲಿನೀರು ತುಂಬಿ ಐದು ನಿಮಿಷ ಬಿಟ್ಟು, ಒರೆಸಿ, ಆಮೇಲೆ ಬ್ರೆಡ್ಡು ಜೋಡಿಸುತ್ತೇನೆ.

ಈ ಎಚ್ಚರಿಕೆಯ ಹಿಂದೆ ಒಂದು ಒಡೆದ ಪಾತ್ರೆಯಿದೆ, ಇದಲ್ಲ, ಇದಕ್ಕೂ ಮೊದಲಿದ್ದ ಗಾಜಿನದು. ಇಡಿಯಾಗಿ ಬೇಯಿಸಿದ ಆರು ಸೇಬುಗಳಿದ್ದ ಆ ಪಾತ್ರೆಯನ್ನು ಓವನ್ನಿನಿಂದ ತೆಗೆದು, ಆಗಷ್ಟೇ ಒರೆಸಿದ್ದ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಚಳಿಗಾಲದ ಸಂಜೆ, ಕಲ್ಲು ಮಂಜಿನಂತೆ ತಣ್ಣಗಿತ್ತು, ಒರೆಸಿದ ತೇವ ಇನ್ನೂ ಆರಿರಲಿಲ್ಲ. ಚಟ್ ಎಂಬ ಒಂದೇ ಸದ್ದು, ಪಾತ್ರೆ ಮೂಲೆಯಿಂದ ಮೂಲೆಗೆ ಎರಡಾಗಿತ್ತು, ಸೇಬಿನ ಪಾಕ ಕಟ್ಟೆಯಿಂದ ಇಳಿದು ನೆಲಕ್ಕೆ ಹರಿಯಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ಅಂದಿನ ಸಿಹಿಯೆಲ್ಲ ಗಾಜಿನ ಚೂರಿನ ಭಯಕ್ಕೆ ತಿಪ್ಪೆ ಸೇರಿತು. ಬಿಸಿಯಾದ ಮೈಯ ಒಂದು ಭಾಗ ಹಠಾತ್ತನೆ ತಣಿದು ಕುಗ್ಗಿದರೆ, ಉಳಿದ ಭಾಗ ಹಿಗ್ಗಿಯೇ ಇದ್ದರೆ, ಆ ಎಳೆದಾಟವನ್ನು ಗಾಜೂ ತಾಳದು, ಪಿಂಗಾಣಿಯೂ ತಾಳದು. ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಮೂರರಲ್ಲೊಂದು ಪಾಲಿನಷ್ಟೇ ಹಿಗ್ಗುವುದರಿಂದ ಈ ಏಟನ್ನು ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಗಾಜಿನ ಬೇಕಿಂಗ್ ಪಾತ್ರೆಗಳೆಲ್ಲ ಆ ಗಾಜಿನವಲ್ಲ.

ಆದ್ದರಿಂದ ನನ್ನ ಮನೆಯಲ್ಲಿ ಈಗ ನಿಯಮಗಳಿವೆ. ಬಿಸಿ ಪಾತ್ರೆಗೆ ನಾಲ್ಕು ಮಡಿಕೆಯ ಒಣ ಬಟ್ಟೆಯೋ ಮರದ ಹಲಗೆಯೋ ಸಿದ್ಧವಾಗಿರದೆ ಓವನ್ನಿನ ಬಾಗಿಲು ತೆರೆಯುವಂತಿಲ್ಲ. ಹಿಡಿಯುವ ಬಟ್ಟೆಯೂ ಒಣಗಿರಬೇಕು, ಒದ್ದೆ ಬಟ್ಟೆ ಪಾತ್ರೆಗೂ ಕೆಟ್ಟದ್ದು, ಕೈಯನ್ನೂ ಸುಡುತ್ತದೆ. ಹಿಂದಿನ ರಾತ್ರಿ ಬ್ರೆಡ್ಡು ನೆನೆಸಿ ಫ್ರಿಜ್ಜಿನಲ್ಲಿಟ್ಟಿದ್ದರೆ, ಬೆಳಿಗ್ಗೆ ಒಂದು ಗಂಟೆಯಾದರೂ ಹೊರಗಿಟ್ಟ ಮೇಲೆಯೇ ಓವನ್ನಿಗೆ ಹೋಗಬೇಕು. ಮೇಲಿನ ಕಡ್ಡಿ ಕೆಂಪಾಗಿ ಉರಿಯುವ ಗ್ರಿಲ್‌ನ ಕೆಳಗೆ ಪಾತ್ರೆಯನ್ನು ಇಡುವುದಿಲ್ಲ; ಜೊತೆಗೆ ಬಂದ ಕಾಗದದಲ್ಲೂ ಹಾಗೆಯೇ ಬರೆದಿದೆ, ಆದರೆ ಅಷ್ಟು ಸಣ್ಣ ಅಕ್ಷರದಲ್ಲಿ ಏಕೆ ಬರೆದಿದ್ದಾರೋ ತಿಳಿಯದು. ಒಲೆಯ ಉರಿಯ ಮೇಲಂತೂ ಇಡಲೇಬಾರದು.

ಕೇಕಿನ ವಿಷಯವನ್ನು ಬೇಗ ಮುಗಿಸಬಹುದು: ಈ ಪಾತ್ರೆ ಕೇಕಿಗಲ್ಲ. ಶುಂಠಿ ಕೇಕನ್ನು ಎರಡು ಸಲ ಮಾಡಿ ನೋಡಿದೆ. ಲೋಹದ ಟಿನ್ನಿನಲ್ಲಿ 40 ನಿಮಿಷಕ್ಕೆ ಬೇಯುವುದು ಇಲ್ಲಿ 65 ನಿಮಿಷ ಹಿಡಿಯಿತು, ನಡುವೆ ಬೇಯುವ ಹೊತ್ತಿಗೆ ಅಂಚು ಒಣಗಿ ಹೋಯಿತು, ಕೇಕು ಎದ್ದದ್ದೂ ಕಡಿಮೆ. ಹಿಟ್ಟಿನೊಳಗಿನ ಗಾಳಿ ಹಿಗ್ಗಿ, ಅದು ಹಿಗ್ಗಿದಾಗಲೇ ಸುತ್ತಲಿನ ಹಿಟ್ಟು ಬೆಂದು ನಿಲ್ಲಬೇಕಾದ ಅಡುಗೆಗೆ ಚುರುಕಾದ ಶಾಖ ಬೇಕು. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದು ಪೌಂಡ್, ಎಂದರೆ ಸುಮಾರು 450 ಗ್ರಾಂ, ಹಾಕುವ ಕಾರಣಕ್ಕೆ ಪೌಂಡ್ ಕೇಕ್ ಎಂದೇ ಹೆಸರಾದ ಹಳೆಯ ಕೇಕಿಗೂ ತಗಡಿನ ಉದ್ದ ಟಿನ್ನೇ ಸರಿ. ಬಿಸ್ಕೆಟ್ಟಿಗೂ ಪೈಗೂ ಇದೇ ಮಾತು.

ಇಡಿ ಸೇಬಿಗೆ ಮಾತ್ರ ಈ ಪಾತ್ರೆಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಸೇಬಿನ ನಡುವಿನ ಬೀಜದ ಗೂಡನ್ನು ಅಡಿ ತೂತಾಗದಂತೆ ಕೊರೆದು, ಹೊಟ್ಟೆಯ ಸುತ್ತ ಸಿಪ್ಪೆಗೆ ಒಂದು ಗೀರು ಎಳೆಯಬೇಕು, ಇಲ್ಲದಿದ್ದರೆ ಒಳಗಿನ ಹಬೆಗೆ ಸಿಪ್ಪೆ ಎಲ್ಲೆಂದರಲ್ಲಿ ಬಿರಿಯುತ್ತದೆ. ಗೂಡಿಗೆ ಒಣದ್ರಾಕ್ಷಿ, ಸಕ್ಕರೆ, ದಾಲ್ಚಿನ್ನಿ ಪುಡಿ, ಮೇಲೊಂದು ತುಂಡು ಬೆಣ್ಣೆ. ತಳದಲ್ಲಿ ಅರ್ಧ ಲೋಟ ನೀರು. 180 ಡಿಗ್ರಿಯಲ್ಲಿ 45 ನಿಮಿಷದ ಹೊತ್ತಿಗೆ ಸೇಬು ಉಬ್ಬಿ, ಗೀರಿನ ಮೇಲಿನ ಸಿಪ್ಪೆ ಟೊಪ್ಪಿಗೆಯಂತೆ ಎದ್ದು ನಿಲ್ಲುತ್ತದೆ. ಆರು ಸೇಬು ಒಂದಕ್ಕೊಂದು ಒರಗಿಕೊಂಡು ಸರಿಯಾಗಿ ಕೂರುತ್ತವೆ, ಊಟ ಮುಗಿದು ಅರ್ಧ ಗಂಟೆ ಹರಟಿದ ಮೇಲೂ ಪಾತ್ರೆಯ ಹೊರಮೈ ಬೆಚ್ಚಗಿರುತ್ತದೆ, ತಳದ ಪಾಕ ಹೆಪ್ಪುಗಟ್ಟಿರುವುದಿಲ್ಲ. ಚಳಿಯ ರಾತ್ರಿ ಎರಡನೆಯ ಸಲ ಬಡಿಸುವಾಗ ಆ ಬಿಸಿಯ ಬೆಲೆ ತಿಳಿಯುತ್ತದೆ.

ತೊಳೆಯುವುದು ಕಷ್ಟವಲ್ಲ. ಪಾತ್ರೆ ತಾನಾಗಿ ತಣಿಯುವವರೆಗೆ ಕಾದು, ಬೆಚ್ಚನೆಯ ನೀರು ತುಂಬಿ ರಾತ್ರಿ ಬಿಟ್ಟರೆ ಸೀದ ಹಾಲೂ ಎದ್ದು ಬರುತ್ತದೆ. ಉಳಿದ ಕಲೆಗೆ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ ಮೆತ್ತನೆಯ ಸ್ಪಂಜಿನಿಂದ ಉಜ್ಜುತ್ತೇನೆ. ಸ್ಟೀಲ್ ಚಮಚ ತಾಗಿದಲ್ಲಿ ಬೂದು ಗೆರೆಗಳು ಬೀಳುತ್ತವೆ. ಅವು ಮೆರುಗಿನ ಗೀರುಗಳಲ್ಲ, ಗಟ್ಟಿ ಮೆರುಗು ಚಮಚದಿಂದ ಉಜ್ಜಿಕೊಂಡ ಲೋಹ, ಅದೇ ಸೋಡಾಕ್ಕೆ ಹೋಗುತ್ತವೆ. ಕಬ್ಬಿಣದ ಉಜ್ಜುವ ನಾರು ಮಾತ್ರ ಬೇಡ. ಅಡಿಯ ಒರಟು ಅಂಚು ನನ್ನ ಮರದ ಮೇಜನ್ನು ಎರಡು ಕಡೆ ಗೀಚಿದೆ. ಅದನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ ಕಳಿಸುವುದು ತಯಾರಕರಿಗೆ ದೊಡ್ಡ ಕೆಲಸವಾಗುತ್ತಿರಲಿಲ್ಲ. ಹಿಡಿಕೆಗಳ ಬಗ್ಗೆಯೂ ನನಗೆ ತಕರಾರಿದೆ. ದಪ್ಪ ಕೈಗವಸು ಹಾಕಿಕೊಂಡರೆ ಎರಡೇ ಬೆರಳು ಹಿಡಿಸುವಷ್ಟು ಚಿಕ್ಕವು ಅವು, ತುಂಬಿದ ಪಾತ್ರೆ 4 ಕೆ.ಜಿ. ಮುಟ್ಟುತ್ತದೆ. ಮುಂಗೈಯಲ್ಲಿ ಬಲ ಕಡಿಮೆಯಿರುವ ಹಿರಿಯರು ಇದನ್ನು ಒಬ್ಬರೇ ಓವನ್ನಿನಿಂದ ಎತ್ತುವುದು ಒಳ್ಳೆಯದಲ್ಲ.

ನನಗೆ ಮೊದಲು ಬಂದ ಪಾತ್ರೆ ಒಡಕಿನದಾಗಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ಸದ್ದು ಬರುವ ಬದಲು ಟಪ್ಪೆಂದು ಮೊದ್ದು ಸದ್ದು ಬಂತು. ಬೆಳಕಿಗೆ ಹಿಡಿದು ನೋಡಿದರೆ ಒಂದು ಹಿಡಿಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಮಾರಿದವರು ಚಿತ್ರ ಕಳಿಸಿ ಎಂದರು, ಇನ್ನೊಂದು ಕೋನದಿಂದ ಕಳಿಸಿ ಎಂದರು, ಮೂರು ವಾರದ ಮೇಲೆ ಬೇರೆ ಪಾತ್ರೆ ಕಳಿಸಿದರು. ಅದು ಇಂದಿಗೂ ಸರಿಯಾಗಿದೆ. ನೀವು ಎಲ್ಲಿ ಕೊಂಡರೂ ತಟ್ಟಿ ನೋಡಿ ಕೊಳ್ಳಿ, ಮನೆಗೆ ತರಿಸಿಕೊಂಡರೆ ಪೊಟ್ಟಣ ಬಿಚ್ಚಿದ ದಿನವೇ ತಟ್ಟಿ ನೋಡಿ. ಇನ್ನೊಂದು ಅಳತೆಯ ಮಾತು: ಪೆಟ್ಟಿಗೆಯ ಮೇಲೆ ಬರೆದಿರುವುದು ಹೆಚ್ಚಾಗಿ ಹಿಡಿಕೆಗಳನ್ನು ಬಿಟ್ಟ ಅಳತೆ. ನಿಮ್ಮದು ಮೇಜಿನ ಮೇಲಿಡುವ ಚಿಕ್ಕ ಓವನ್ನಾದರೆ ಒಳಗಿನ ಜಾಗವನ್ನು ಟೇಪಿನಿಂದ ಅಳೆದು, ಬಿಸಿಗಾಳಿ ಸುತ್ತಾಡಲು ಎಲ್ಲ ಬದಿಗೂ ಎರಡು ಮೂರು ಸೆಂಟಿಮೀಟರು ಬಿಟ್ಟು, ಹಿಡಿಕೆ ಸೇರಿದ ಉದ್ದ ಅದರೊಳಗೆ ಹಿಡಿಸುತ್ತದೆಯೇ ನೋಡಿಕೊಳ್ಳಿ.

ನಾಲ್ಕು ಜನರಿಗಿಂತ ಹೆಚ್ಚಿರುವ, ಹಾಲು ಹಣ್ಣುಗಳ ಸಿಹಿಯನ್ನು ವಾರಕ್ಕೊಮ್ಮೆಯಾದರೂ ಮಾಡುವ ಮನೆಗೆ ಈ ಪಾತ್ರೆ ತಕ್ಕದ್ದು. ಕೇಕು ಬಿಸ್ಕೆಟ್ಟುಗಳೇ ಹೆಚ್ಚು ಎನ್ನುವವರಿಗೆ, ಕೆಲಸದಿಂದ ಬಂದು ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕು ಎನ್ನುವವರಿಗೆ ತಕ್ಕದ್ದಲ್ಲ. ಇಬ್ಬರೇ ಇರುವ ಮನೆಗೆ ಇದೇ ಬಗೆಯ 1.2 ಲೀಟರಿನದು ಸಾಕು. ಈ ಚಳಿಗಾಲಕ್ಕೆ ನಾನು ಅದನ್ನೂ ತಂದಿದ್ದೇನೆ, ಕಳೆದ ಭಾನುವಾರ 40 ಗ್ರಾಂ ಅಕ್ಕಿ, ಅರ್ಧ ಲೀಟರಿಗೆ ತುಸು ಕಡಿಮೆ ಹಾಲು ಹಾಕಿ ಮಾಡಿದೆ. ಒಂದೂವರೆ ಗಂಟೆಗೆ ಬೆಂದಿತು, ಕೆನೆ ಚೆನ್ನಾಗಿ ಕಟ್ಟಿತು. ಮುಂದಿನ ಸಲ ದೊಡ್ಡದನ್ನೂ ಚಿಕ್ಕದನ್ನೂ ಒಟ್ಟಿಗೆ ಇಡು, ಆಗ ಎಂಟು ಮೂಲೆಗಳಾಗುತ್ತವೆ ಎಂದು ಮಗಳು ಈಗಾಗಲೇ ಲೆಕ್ಕ ಹಾಕಿ ಇಟ್ಟಿದ್ದಾಳೆ.